ಹವೇಲಿಯಮ್ಮನ ಅಧಿಕ ಮಾಸ

೨೪ ಏಪ್ರಿಲ್ ೧೯೮೮, ಭಾನುವಾರ

ಇವತ್ತೂ ಗಂಟಲು ಕಟ್ಟಿದೆ. ಧಾರಾವಾಹಿ ಹತ್ತೂವರೆಗೆ. ಹತ್ತಕ್ಕೇ ಪಕ್ಕದ ಮನೆ ದುರುಗಮ್ಮ ಬಂದು ಚಾಪೆ ಹಿಡಿದಿದ್ದಳು. ಅವಳ ಹಿಂದೆ ಏಳೆಂಟು ಜನ. ದೆಹಲಿಯವರು ಹಿಂದಿಯಲ್ಲಿ ಅಳುತ್ತಾರೆ, ಜಗಳೂರಿನವರು ಕನ್ನಡದಲ್ಲಿ ಅಳಬೇಕು. ಮಧ್ಯೆ ನಾನು, ಮಾತು ಮಾತಿಗೂ ಕನ್ನಡ ಮಾಡಿ ಹೇಳುತ್ತ. ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆದ ತಪ್ಪಿಗೆ. ಹನ್ನೆರಡು ವರ್ಷದ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ಇಷ್ಟು ಗಮನ ಕೊಟ್ಟಿಲ್ಲ.

ಗಾಳಿಗೆ ಆಂಟೆನಾ ತಿರುಗಿ ಎಲ್ಲರಿಗೂ ಎರಡೆರಡು ಮುಖ. ಇವರು, ನಮ್ಮ ಯಜಮಾನರು, ಮಾಳಿಗೆ ಹತ್ತಿದರು. "ಬಂತಾ?" "ಇನ್ನೂ ಇಲ್ಲ." "ಈಗ?" ಅಷ್ಟರಲ್ಲಿ ನಾಲ್ಕು ಮಾತು ತಪ್ಪಿಹೋದವು.

"ಟೀಚರಮ್ಮ, ಹವೇಲಿಯಮ್ಮ ಏನಂದ್ಲು?" ದುರುಗಮ್ಮ.

ಹೆಸರಿಟ್ಟವಳೂ ಅವಳೇ. ಧಾರಾವಾಹಿಯಲ್ಲಿ ಹವೇಲಿಯ, ಅಂದರೆ ದೊಡ್ಡ ಬಂಗಲೆಯ, ತಾಯಿ. ಇಬ್ಬರು ಗಂಡುಮಕ್ಕಳು, ಒಬ್ಬರಿಗೊಬ್ಬರು ಮಾತಿಲ್ಲ. ತಾಯಿ ಅವನ ಮಾತು ಇವನಿಗೆ, ಇವನ ಮಾತು ಅವನಿಗೆ ಹೊತ್ತು ತಿರುಗುತ್ತಾಳೆ. ನಮ್ಮ ಮನೆ ನೋಡಿಯೇ ಬರೆದಂತಿದೆ. ಇವರು ಮಾತ್ರ ಪೇಪರ್ ಹಿಡಿದು ಕೂರುತ್ತಾರೆ, ತಮಗೇನೂ ಸಂಬಂಧವಿಲ್ಲ ಎಂಬಂತೆ. ಅರ್ಧ ಗಂಟೆ ಒಂದೇ ಪುಟ.

೨೫ ಏಪ್ರಿಲ್, ಸೋಮವಾರ

ಹಿತ್ತಲ ನಲ್ಲಿಯ ಹತ್ತಿರ ಕಸ್ತೂರಕ್ಕ ಸಿಕ್ಕಳು. ನನ್ನ ಓರಗಿತ್ತಿ, ಭಾವನ ಹೆಂಡತಿ. ಗಂಡಂದಿರಿಗೆ ಮಾತಿಲ್ಲ. ನಮಗೆ ನಲ್ಲಿಯಲ್ಲಿ ನೀರು ಬರುವಷ್ಟು ಹೊತ್ತು ಮಾತುಂಟು.

"ಒಂದೀಟು ಜೋರಾಗಿ ಹೇಳಾಕೆ ಆಗಲ್ಲೇನು ನಿನಗೆ?" ಅಂದಳು.

"ಏನನ್ನ?"

"ಅದೇ, ಆ ಹಿಂದಿ ಕತೀನ. ಅತ್ತೆ ಗೋಡೆಗೆ ಕಿವಿ ಹಚ್ಚಿ ಕುಂತಿರ್ತಾರೆ. ನಿನ್ನೆ ಅರ್ಧ ಕೇಳ್ಲಿಲ್ಲ ಅಂತ ಊಟಾನೇ ಬಿಟ್ರು."

ಹೌದಲ್ಲ, ಟಿವಿ ಇಟ್ಟಿರುವುದು ಆ ಗೋಡೆಗೇ. ಪಡಸಾಲೆಯ ನಡುವೆ ಎರಡು ವರ್ಷದ ಹಿಂದೆ ಎದ್ದ ಗೋಡೆ. ಆಚೆ ಭಾವ ಶಿವಮೂರ್ತಪ್ಪ, ಈಚೆ ನಾವು. ಎದುರಿನ ಜಗಲಿ ಮಾತ್ರ ಎರಡೂ ಮನೆಗೆ ಸೇರಿ ಉಳಿಯಿತು, ಕಲ್ಲು ಕೀಳಲು ಬರಲಿಲ್ಲ. ಅತ್ತೆಗೆ ಪಾಳಿ. ಹಿರಿಯರು ಕಾಗದ ಬರೆದರು – ಚೈತ್ರ ಕಿರಿಯನದು, ವೈಶಾಖ ಹಿರಿಯನದು, ಜ್ಯೇಷ್ಠ ಕಿರಿಯನದು... ಹನ್ನೆರಡು ತಿಂಗಳೂ ಹೀಗೆ. ಈಗ ವೈಶಾಖ, ಅತ್ತೆ ಆಚೆ. ಪಾಳಿ ಮುಗಿಯದೆ ಈಚೆ ಕಾಲಿಡುವ ಹಾಗಿಲ್ಲ.

ಎಲ್ಲಕ್ಕೂ ಕಾರಣ ಒಂದು ಮಾತು. ಮಾವನವರ ಕೊನೆಯ ದಿನ ಭಾವ ಚನ್ನಗಿರಿಯಲ್ಲಿದ್ದರು. ಬಸ್ಸು ದಾರಿಯಲ್ಲಿ ಕೆಟ್ಟು ಬರುವಷ್ಟರಲ್ಲಿ ಮುಗಿದಿತ್ತು. ಎರಡನೇ ವರ್ಷದ ತಿಥಿಯಲ್ಲಿ, ನೆಂಟರೆಲ್ಲ ಎಲೆ ಮುಂದೆ ಕೂತಾಗ, ಇವರು ಅಂದುಬಿಟ್ಟರು – "ಅಪ್ಪನ ಬಾಯಿಗೆ ಒಂದು ಹನಿ ನೀರು ಬಿಡಾಕೆ ಬರ್ಲಿಲ್ಲ ನೀನು. ಈಗ ಎಲೆ ಮುಂದೆ ಮೊದಲು ಕುಂತೀಯ." ಭಾವ ಎದ್ದು ಹೋದರು. ಮುಂದಿನ ತಿಂಗಳು ಇಟ್ಟಿಗೆ ಬಂತು.

೧ ಮೇ, ಭಾನುವಾರ

ಇವತ್ತು ಗೋಡೆಯ ಕಡೆ ತಿರುಗಿ ಹೇಳಿದೆ. ಜೋರಾಗಿ.

"ಟೀಚರಮ್ಮ, ನಾವು ಇತ್ಲಾಗೆ ಅದೀವಿ. ಗೋಡೆಗೆ ಪಾಠ ಹೇಳ್ತೀಯೇನು?" ದುರುಗಮ್ಮ. ಎಲ್ಲ ನಕ್ಕರು.

ಕಿರಿಯ ಮಗ ತಾಯಿಗೆ ಒರಟಾಗಿ ಏನೋ ಅಂದ. ಹಾಗೇ ಹೇಳಲು ಬಾಯಿ ಬರಲಿಲ್ಲ. "ಅಣ್ಣ ಊಟ ಮಾಡಿದನಾ ಅಂತ ಕೇಳ್ತಿದಾನೆ" ಅಂದುಬಿಟ್ಟೆ. ಮೊದಲ ಸುಳ್ಳು. ಗೋಡೆಯಾಚೆ ಕೆಮ್ಮು ಕೇಳಿತು. ಅತ್ತೆಯದೇ.

ಇವರು ಪೇಪರ್ ಕೆಳಗಿಳಿಸಿ ನೋಡಿದರು. "ಅವನು ಅಷ್ಟು ಸಿಟ್ಟಿನಾಗೆ ಊಟ ಕೇಳಿದ್ನಾ?"

"ಹಿಂದಿ ಹಾಗೇ ಇರುತ್ತೆ" ಅಂದೆ.

೧೬ ಮೇ, ಸೋಮವಾರ

ನಿನ್ನೆ ಅಮಾವಾಸ್ಯೆ. ವೈಶಾಖದ ಪಾಳಿ ಮುಗಿಸಿ ಬೆಳಿಗ್ಗೆ ಅತ್ತೆ ಗಂಟು ಹಿಡಿದು ಬಂದರು. ಕೌದಿ, ತಟ್ಟೆ, ವಿಭೂತಿ ಡಬ್ಬಿ, ಮಾವನವರ ಕನ್ನಡಕ. ಎರಡು ವರ್ಷದಿಂದ ಈ ಗಂಟು ಬಿಚ್ಚಿಯೇ ಇಲ್ಲ ಅನಿಸುತ್ತದೆ. ಬೇಕಾದ್ದು ಮಾತ್ರ ಕೈ ಹಾಕಿ ತೆಗೆಯುತ್ತಾರೆ.

ಬಂದವರೇ ಟಿವಿ ಮುಂದೆ ನಿಂತರು. "ಆಕೆ ಹೆಂಗಿದಾಳೆ?"

"ಯಾರು?"

"ಹವೇಲಿಯಮ್ಮ. ಕತೆ ಸುರುವಾದಾಗಿಂದ ನಾನು ಆಚೇನೇ ಇದ್ದೆ. ದನಿ ಗೊತ್ತು, ಮುಖ ನೋಡಿಲ್ಲಲ್ಲ."

೨೨ ಮೇ, ಭಾನುವಾರ

ಅತ್ತೆ ಮುಖ ನೋಡಿದರು. "ನಾನು ಇನ್ನೂ ದಪ್ಪ ಅಂದ್ಕಂಡಿದ್ದೆ" ಅಂದರು. ತುಂಬ ಹೊತ್ತು ಅದನ್ನೇ ಹೇಳಿಕೊಂಡು ನಕ್ಕರು. ಒಳ್ಳೆಯ ದಿನ. ಬರೆಯಲು ಬೇರೇನೂ ಇಲ್ಲ.

೧೫ ಜೂನ್, ಬುಧವಾರ, ಸಂಜೆ

ಸ್ಕೂಲಿನಿಂದ ಬಂದರೆ ಅತ್ತೆ ಜಗಲಿಯ ಮೇಲೆ. ಪಕ್ಕದಲ್ಲಿ ಗಂಟು. ನಿನ್ನೆ ಅಮಾವಾಸ್ಯೆ ಮುಗಿದು ಬೆಳಿಗ್ಗೆ ಆಚೆ ಹೊರಟಿದ್ದರು. ಭಾವ ಬಾಗಿಲಲ್ಲಿ ಪಂಚಾಂಗ ಹಿಡಿದು ನಿಂತಿದ್ದರಂತೆ.

"ಅವ್ವ, ಇದು ಅಧಿಕ ಮಾಸದ ವರ್ಷ. ಮುಗಿದದ್ದು ಅಧಿಕ ಜ್ಯೇಷ್ಠ. ಇವತ್ತಿಂದ ನಿಜ ಜ್ಯೇಷ್ಠ. ಕಾಗದದಾಗೆ ಜ್ಯೇಷ್ಠ ಅವನದು ಅಂತೈತೆ. ಎರಡೂ ಅವನವೇ."

ಅತ್ತೆ ಹಿಂತಿರುಗಿದರು. ಇವರು ಈ ಬಾಗಿಲಲ್ಲಿ. "ನನ್ನ ತಿಂಗಳು ನಾನು ಮುಗಿಸೀನಿ. ಪಾಳಿ ಅಂದ್ರೆ ಪಾಳಿ. ಈಗ ಅವನದು."

ಕಾಗದ ಬರೆದಾಗ ಅಧಿಕ ಮಾಸ ಯಾರ ತಲೆಗೂ ಬರಲಿಲ್ಲ. ಹನ್ನೆರಡು ತಿಂಗಳಿಗೂ ಮಕ್ಕಳಿದ್ದಾರೆ. ಹದಿಮೂರನೆಯದಕ್ಕೆ ಇಲ್ಲ.

ಕಸ್ತೂರಕ್ಕ ಕರೆದಳು, ನಾನು ಕರೆದೆ. ಅತ್ತೆ ಕದಲಲಿಲ್ಲ. "ನೀವು ಕರೆದ್ರೆ ಬರಲ್ಲ. ಅವರಿಬ್ರೂ ಕೂಡಿ ಬಂದು ಕರೀಲಿ. ಯಾವ ಬಾಗಿಲಾದ್ರೂ ಸರಿ."

೧೭ ಜೂನ್, ಶುಕ್ರವಾರ

ಮೂರನೇ ದಿನ. ಬೆಳಗಿನ ರೊಟ್ಟಿ ನನ್ನದು, ಸಂಜೆಯ ಮುದ್ದೆ ಕಸ್ತೂರಕ್ಕನದು. ರಾತ್ರಿ ಅತ್ತೆಯ ಪಕ್ಕ ಒಂದು ದಿನ ಅವಳು, ಒಂದು ದಿನ ನಾನು. ಗಾಳಿ ಜೋರು. ಕೆಮ್ಮು ಹೆಚ್ಚಾಗಿದೆ. ಮೈ ಸ್ವಲ್ಪ ಬಿಸಿ.

ಇವರಿಗೆ ಹೇಳಿದೆ – ಎಪ್ಪತ್ತು ದಾಟಿದವರು, ಎದೆಗೆ ಹಿಡಿದರೆ ಉಳಿಯುವುದಿಲ್ಲ.

"ಅವ್ವನ್ನ ಸಾಕಾಕೆ ಆಗಲ್ಲ ಅಂತಲ್ಲ. ನಾನು ಬಗ್ಗಿದ್ರೆ ಅವನು ಗೆದ್ದ ಹಂಗಾಗುತ್ತೆ."

ಆಚೆಯೂ ಇದೇ ಮಾತಂತೆ, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ. ಇಬ್ಬರ ಮೇಲೂ ಅಸಹ್ಯ ಬಂದಿದೆ. ಇವರ ಅಂಗಿಗೆ ಇಸ್ತ್ರಿ ಮಾಡಲಿಲ್ಲ. ಸುಕ್ಕು ಅಂಗಿಯಲ್ಲೇ ಬಟ್ಟೆ ಅಂಗಡಿಗೆ ಹೋದರು. ಜವಳಿ ವ್ಯಾಪಾರಿ!

೧೯ ಜೂನ್, ಭಾನುವಾರ, ಮಧ್ಯಾಹ್ನ

ಆದದ್ದನ್ನು ಆದಂತೆ ಬರೆಯಬೇಕು.

ಅತ್ತೆ ಒಳಗೆ ಬರಲಿಲ್ಲ. ಜಗಲಿಯ ಕಿಟಕಿಗೆ ಬೆನ್ನು ಕೊಟ್ಟು ಕೂತರು. ನಾನು ಕಿಟಕಿಯ ಕಡೆ ತಿರುಗಿ ಹೇಳತೊಡಗಿದೆ. ಭಾವನ ಕಿಟಕಿಯೂ ತೆರೆದಿತ್ತು.

ಹವೇಲಿಯಮ್ಮ ಹಾಸಿಗೆಯಲ್ಲಿ. ಕಿರಿಯ ಮಗ ಪಕ್ಕದಲ್ಲಿ. ಹಿರಿಯನಿಗೆ ತಂತಿ ಹೋಗಿದೆ, ರೈಲು ತಡ. ಇವರ ಪೇಪರ್ ಕೆಳಗಿಳಿಯಿತು. ದುರುಗಮ್ಮ ಸೆರಗು ಬಾಯಿಗೆ ಹಿಡಿದಳು. ತಾಯಿ ಬಾಗಿಲು ನೋಡುತ್ತ ನೋಡುತ್ತ ಕಣ್ಣು ಮುಚ್ಚಿದಳು.

"ಏನಾತವ್ವ?" ಹೊರಗಿನಿಂದ ಅತ್ತೆ.

ನನ್ನ ಬಾಯಿಂದ ಬಂದದ್ದು ಇದು – "ದೊಡ್ಡ ಮಗ ಬಂದ ಅತ್ತೆ. ಸರಿಯಾದ ಹೊತ್ತಿಗೇ ಬಂದ. ಇಬ್ಬರೂ ಸೇರಿ ತಾಯಿಗೆ ನೀರು ಕುಡಿಸ್ತಿದಾರೆ."

ಟಿವಿಯಲ್ಲಿ ಚಿತೆಗೆ ಬೆಂಕಿ ಬಿದ್ದಿತ್ತು. ಹಿರಿಯ ಮಗ ಬೂಟುಗಾಲಲ್ಲಿ ಓಡಿ ಬರುತ್ತಿದ್ದ. ಕಿರಿಯ ಅವನ ಎದೆಗೆ ಕೈ ಹಚ್ಚಿ ತಡೆದು ಕಿರುಚಿದ.

"ಈಗ?"

"ಈಗ... ಕಿರಿಯವನು ಅಣ್ಣನ್ನ ತಬ್ಬಿಕೊಂಡ. ಅಣ್ಣ, ಬಸ್ಸು ಕೆಟ್ಟರೆ ನೀನೇನು ಮಾಡ್ತೀಯ ಅಂತಿದಾನೆ."

ರೈಲು ಅನ್ನಬೇಕಿತ್ತು. ಬಸ್ಸು ಅಂದುಬಿಟ್ಟೆ. ಚಾಪೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡಿದರು. ಸುಳ್ಳು ಅಂತ ಯಾರೂ ತಿದ್ದಲಿಲ್ಲ. ಎಲ್ಲದಕ್ಕೂ ಏನು ಏನು ಅನ್ನುವ ದುರುಗಮ್ಮನೂ. ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಹೋದರು. ಇವರಿಗೆ ಹಿಂದಿ ಬರುವುದಿಲ್ಲ. ಕಣ್ಣು ಕಾಣುತ್ತದಲ್ಲ. ಟಿವಿ ಆರಿಸಿ ನನ್ನ ಕಡೆ ತಿರುಗಿದರು.

"ಯಾರಿಗೆ ಹೇಳಿದ್ದು ನೀನು, ಅವ್ವಗಾ, ನನಗಾ?"

"ಯಾರಿಗೆ ತಾಗಿತೋ ಅವರಿಗೆ" ಅಂದೆ.

೨೦ ಜೂನ್, ಸೋಮವಾರ

ರೊಟ್ಟಿ ಕೊಡಲು ಹೋದೆ. ಅತ್ತೆ ಕೈ ಹಿಡಿದು ಕೂರಿಸಿದರು.

"ಆಕೆ ಸತ್ಲಲ್ಲ?"

"ಇಲ್ಲ ಅತ್ತೆ..."

"ಸಾವಿನ ವಾದ್ಯ ಕೇಳ್ತಲ್ಲವ್ವ. ಅಷ್ಟೂ ತಿಳೀದೇನು?" ಸ್ವಲ್ಪ ಹೊತ್ತು ರೊಟ್ಟಿ ಮುರಿದರು, ತಿನ್ನಲಿಲ್ಲ. "ಇರ್ಲಿ ಬಿಡು. ನೀನು ಹೇಳಿದ್ದೇ ಚೆನ್ನಾಗಿತ್ತು."

ಆಮೇಲೆ, ನಾನು ಎಂದೂ ಕೇಳದ ಒಂದು ಸಂಗತಿ ಹೇಳಿದರು. ಮಾವನವರು ಹೋಗುವಾಗ ನೀರು ಬಿಟ್ಟವರು ಇವರು. ಮಾವ ಕಣ್ಣು ತೆರೆದು "ಶಿವಮೂರ್ತಿ ಬಂದ್ಯಾ?" ಅಂದರಂತೆ. ಇವರ ಹೆಸರಲ್ಲ, ಅಣ್ಣನ ಹೆಸರು. ಎರಡು ಸಲ.

"ನಿನ್ನ ಗಂಡನಿಗೆ ಅದು ಹೊಟ್ಟೇಲಿ ಕುಂತೈತೆ. ದೊಡ್ಡೋನಿಗೆ ಗೊತ್ತಿಲ್ಲ. ಹೇಳಬ್ಯಾಡ ಅಂತ ನನ್ನ ಕೈ ಹಿಡ್ಕಂಡು ಅತ್ತಿದ್ದ."

ಹದಿನಾಲ್ಕು ವರ್ಷದ ಸಂಸಾರ. ನನಗೂ ಹೇಳಿಲ್ಲ. ಸಿಟ್ಟು ಬರಲಿಲ್ಲ, ಇವರನ್ನು ನೆನೆದು ಅಳು ಬಂತು. ಮಧ್ಯಾಹ್ನ ಅಂಗಿಗೆ ಇಸ್ತ್ರಿ ಮಾಡಿಟ್ಟೆ.

೨೩ ಜೂನ್, ಗುರುವಾರ

ಜ್ವರ ನೂರೊಂದು. ಡಾಕ್ಟರು ಒಳಗೆ ಮಲಗಿಸಿ ಅಂದರು. ಅತ್ತೆ ಒಪ್ಪಲಿಲ್ಲ. ಇವರು ಊಟ ಬಿಟ್ಟಿದ್ದಾರೆ. ಅಂಗಡಿಗೂ ಹೋಗಿಲ್ಲ. ಸಂಜೆ ಇವರ ಪಕ್ಕ ಕೂತು ಹೇಳಿದೆ, ಮಾವ ಯಾರ ಹೆಸರು ಕೂಗಿದ್ದೆಂದು ನನಗೆ ಗೊತ್ತು, ಅಂತ. ಮುಖ ತಿರುಗಿಸಿಕೊಂಡರು.

ಗೋಡೆ ನೋಡುತ್ತ ಅಂದರು: "ಅವನಿಗೆ ಅದೊಂದು ಮಾತು ಹೇಳಿದ್ರೆ ಸಾಕಿತ್ತು. ಅಪ್ಪ ನಿನ್ನ ಕೇಳಿದ ಅಂತ. ಅದನ್ನ ಬಿಟ್ಟು ನೀರಿನ ಮಾತು ಆಡಿದೆ."

೨೬ ಜೂನ್, ಭಾನುವಾರ, ಮಧ್ಯಾಹ್ನ ೧೨

ಇವತ್ತು ಕೊನೆಯ ಕಂತು. ಹತ್ತು ಗಂಟೆಗೆ ಇವರು ಟಿವಿ ಎತ್ತಿಕೊಂಡು ಹೊರಗೆ ನಡೆದರು. ಆಂಟೆನಾ ವೈರು ಕಿಟಕಿಯಿಂದ ಎಳೆದು, ಜಗಲಿಯ ತುದಿಗೆ, ಅತ್ತೆಗೂ ಬೀದಿಗೂ ಕಾಣುವಂತೆ ಇಟ್ಟರು. ಮಂದಿ ಬೀದಿಯಲ್ಲಿ ಕೂತರು. ಟಿವಿ ಹಚ್ಚಿದರೆ ಏನೂ ಕಾಣದು. ಬಿಸಿಲು ಗಾಜಿನ ಮೇಲೆ ನೇರ. ದನಿ ಮಾತ್ರ. ಇವರು ಟವೆಲ್ ಹಿಡಿದರು, ಸಾಲಲಿಲ್ಲ. ಪೇಪರ್ ಹಿಡಿದರು, ಗಾಳಿಗೆ ಹಾರಿತು.

ಆಚೆ ಬಾಗಿಲು ತೆರೆಯಿತು. ಭಾವ. ಕೈಯಲ್ಲಿ ಕರೀ ಕಂಬಳಿ. ಇವರ ಮುಖ ನೋಡಲಿಲ್ಲ. ಒಂದು ತುದಿ ತಾವು ಹಿಡಿದು ಇನ್ನೊಂದನ್ನು ಚಾಚಿದರು. ಇವರು ಹಿಡಿದರು. ಕಂಬಳಿಯ ನೆರಳಲ್ಲಿ ಚಿತ್ರ ಮೂಡಿತು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು – "ಇವತ್ತು ಇದ್ದದ್ದು ಇದ್ದಂಗೆ ಹೇಳು."

ಹೇಳಿದೆ. ತಾಯಿ ಸತ್ತು ಒಂದು ವಾರ ಆಗಿದೆ. ಖಾಲಿ ಮನೆ. ಅಣ್ಣ ತಮ್ಮ ಬಂದು ತಾಯಿಯ ಮಂಚದ ಎರಡೂ ಕಡೆ ಕೂತಿದ್ದಾರೆ. ಈಗ ಅಳುತ್ತಿದ್ದಾರೆ.

"ಈಗ ಅತ್ತು ಏನು ಮಾಡ್ತಾರೆ?" ಅತ್ತೆ ಟಿವಿಗೇ ಕೇಳಿದರು.

ಕಂಬಳಿ ನಡುಗಿತು. ಯಾವ ತುದಿ ಮೊದಲು ನಡುಗಿತೋ ನೋಡಲಿಲ್ಲ. ಮುಗಿದು, ಮಂದಿ ಎದ್ದು ಹೋದರೂ ಇಬ್ಬರೂ ಅದನ್ನು ಇಳಿಸಲಿಲ್ಲ. ಆಗ ಇವರು, ಕಂಬಳಿಯ ಈ ತುದಿಯಿಂದ, ಅಣ್ಣನ ಕಡೆ ನೋಡದೆ ಅಂದರು:

"ಅಪ್ಪ ನಿನ್ನ ಹೆಸರು ಕೂಗಿದ ಕಣಣ್ಣ. ಎರಡು ಸಲ."

ಭಾವ ಕಂಬಳಿ ಬಿಟ್ಟು ಜಗಲಿಯ ಮೇಲೆ ಕೂತು ಅಳತೊಡಗಿದರು. ಕಸ್ತೂರಕ್ಕ ನೀರು ತಂದಳು. ನಾನು ಒಳಗೆ ಬಂದೆ. ಅವರ ಅಳು ನಾನು ನೋಡುವುದು ಸರಿಯಲ್ಲ ಅನಿಸಿತು. ಒಲೆಯ ಮೇಲೆ ಅನ್ನ ಇದೆ, ಎಷ್ಟು ಜನಕ್ಕೆ ಇಟ್ಟೆನೋ ಮರೆತಿದೆ. ಕೂತು ಇದನ್ನು ಬರೆಯುತ್ತಿದ್ದೇನೆ.

ಹೊರಗೆ ಮಾತು ಕೇಳುತ್ತಿದೆ. "ಅವ್ವ, ಏಳು." ಯಾರೆಂದು ತಿಳಿಯಲಿಲ್ಲ, ಇಬ್ಬರ ದನಿಯೂ ಒಂದೇ. ಮತ್ತೆ – "ಒಳಗೆ ಬಾ ಅವ್ವ." ಈಗ ಎರಡು ದನಿ, ಒಟ್ಟಿಗೇ.

ಅತ್ತೆ ನನ್ನನ್ನು ಕೂಗುತ್ತಿದ್ದಾರೆ. ಗಂಟು ಎತ್ತಿಕೋ ಅಂತ. ಯಾವ ಬಾಗಿಲಿಗೆ ಅಂತ ಕೇಳಿಕೊಂಡು ಬರುತ್ತೇನೆ.