ಯಜಮಾನಿ ಹೊಳೆ ದಾಟದ ಸೋಮವಾರ

ಫಿಲಡೆಲ್ಫಿಯಾ
೧೭೮೭ ಜೂನ್ ೧೫, ಶುಕ್ರವಾರ

ಪ್ರೀತಿಯ ಕ್ವಾಕೊ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಹಡಗಿನಿಂದ ತಂಬಾಕಿನ ಪೀಪಾಯಿ ಇಳಿಸುವಾಗ ಇನ್ನೂ ಇಪ್ಪತ್ತರ ಹುರಿಯಾಳು ಎಂದುಕೊಂಡು ಬಗ್ಗಬೇಡ ಮಾರಾಯ. ಬಾಲ್ಟಿಮೋರಿನಲ್ಲಿ ಇನ್ನೂ ಹತ್ತು ದಿನ ಇರುತ್ತೀಯೆಂದು ಈ ಕಾಗದ ತರುವ ದೋಣಿಯವನು ಹೇಳಿದ. ಮೆಕ್ಕೆಜೋಳದ ಗಂಜಿಯನ್ನಾದರೂ ಹೊತ್ತಿಗೆ ಸರಿಯಾಗಿ ಬಿಸಿಬಿಸಿ ಕುಡಿ. ನಾನು ಚೆನ್ನಾಗಿದ್ದೇನೆ, ಬಟ್ಟೆ ಒಗೆಯುವ ಬೂದಿನೀರಿನಲ್ಲಿ ಕೈ ಸುಲಿದಿದೆ, ಅಷ್ಟೇ.

ಸುದ್ದಿ ದೊಡ್ಡದು, ಕೂತು ಓದು. ನಿನ್ನ ಮಗಳು ಟೇಮರ್‌ಗೆ ಬಿಡುಗಡೆಯಾಯಿತು! ಹೊರಗಿನಿಂದ ಕರೆತಂದ ಗುಲಾಮರು ಈ ರಾಜ್ಯದಲ್ಲಿ ಒಂದೇ ಸಮನೆ ಆರು ತಿಂಗಳು ಕಳೆದರೆ ಸ್ವತಂತ್ರರು ಎಂಬ ಕಾನೂನು ನಿನಗೆ ಗೊತ್ತೇ ಇದೆ. ಅವಳ ಯಜಮಾನಿ ಮೇರಿಲ್ಯಾಂಡಿನಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದು ಮೊನ್ನೆ ಮಂಗಳವಾರಕ್ಕೆ ಸರಿಯಾಗಿ ಆರು ತಿಂಗಳು. ಆ ಪುಣ್ಯಾತ್ಗಿತ್ತಿಗೂ ಅದು ಗೊತ್ತು. "ಸೋಮವಾರ ಹೊಳೆಯಾಚೆ ಜೆರ್ಸಿಗೆ ಹೋಗಿ ಸ್ಟ್ರಾಬೆರಿ ತಿಂದ್ಕೊಂಡು ಬರೋಣ ಕಣೇ" ಎಂದು ಟೇಮರ್‌ಗೆ ಬೆಣ್ಣೆ ಹಚ್ಚಿದಳಂತೆ. ಒಂದು ದಿನ ಗಡಿ ದಾಟಿಸಿ ತಂದರೆ ಲೆಕ್ಕ ಮತ್ತೆ ಮೊದಲಿಂದ! ಇಲ್ಲಿನ ಯಜಮಾನರೆಲ್ಲ ಮಾಡುವುದು ಅದನ್ನೇ.

ಆದರೆ ಸೋಮವಾರ ಊರಿಗೆಲ್ಲ ಒಗೆತದ ದಿನ, ಆ ಮನೆಗೆ ಒಗೆಯುವವಳು ನಾನು. ನಾನು ಟೇಮರಳ ಅತ್ತೆ ಎಂಬುದು ಆ ಹೆಂಗಸಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಏಳುವ ಮೊದಲೇ ಹೋದೆ. ಯಜಮಾನಿಯ ಪೆಟ್ಟಿಗೆಯಲ್ಲಿದ್ದ ಅಂಗಿ, ಲಂಗ, ಶಾಲು ಎಲ್ಲ ಟೇಮರ್ ತಂದುಕೊಟ್ಟಳು. ಒಂದೂ ಬಿಡದೆ ಬೂದಿನೀರಿಗೆ ಅದ್ದಿದೆ. ಯಜಮಾನಿ ಎದ್ದು ರಾತ್ರಿಯಂಗಿಯಲ್ಲೇ ಮೆಟ್ಟಿಲ ಮೇಲೆ ನಿಂತು "ನನ್ ಬಟ್ಟೆ ಎಲ್ರೇ?" ಎಂದು ಕಿರುಚಿದಳು. "ಸೋಮವಾರ ಎಲ್ಲಾ ಒಗೀಬೇಕು ಅಂತ ತಾವೇ ಹೇಳಿದ್ರಲ್ಲಾ ಅಮ್ಮಾವ್ರೇ" ಎಂದೆ. ಪಕ್ಕದ ಮನೆಯವಳ ಅಂಗಿ ತರಿಸಿದಳು, ಅದರಲ್ಲಿ ಅವಳ ಅರ್ಧವೂ ಹಿಡಿಸಲಿಲ್ಲ. ಟೇಮರಳನ್ನು ಬೇರೆಯವರ ಜೊತೆ ಹೊಳೆಯಾಚೆ ಕಳಿಸಲು ನಂಬಿಕೆಯಿಲ್ಲ. ಹಾಗೇ ಸಂಜೆಯಾಯಿತು. ನಗು ತಡೆಯಲಾರದೆ ನಾನು ಬಾನಿಯೊಳಗೆ ಮುಖ ಇಟ್ಟುಕೊಂಡಿದ್ದೆ ಅಣ್ಣಾ.

ಬುಧವಾರ ಗುಲಾಮರನ್ನು ಬಿಡಿಸುವ ಸಂಘದ ವಕೀಲರು ಟೇಮರಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು, ಅವರು ಬಿಡುಗಡೆ ಕಾಗದಕ್ಕೆ ಸಹಿ ಹಾಕಿದರು. ನಾನು ಬೀದಿಯಲ್ಲೇ ಕುಣಿದೆ. ಟೇಮರ್ ಮಾತ್ರ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಅತ್ತೆ, ಇದ್ರಲ್ಲಿ ಜೂಬಾ ಹೆಸ್ರು ಎಲ್ಲೈತೆ?" ಎಂದಳು. ನಿನ್ನ ಮೊಮ್ಮಗಳು ಜೂಬಾ ಯಜಮಾನಿಯ ತಂಗಿಯ ಅನ್ನಾಪೊಲಿಸ್ ತೋಟದಲ್ಲೇ ಇದ್ದಾಳಲ್ಲ, ನಾಲ್ಕು ವರ್ಷದ ಕೂಸು. "ಇದು ನಿಂದೊಬ್ಬಳದ್ದು ಕಣೇ, ಮಗೂದು ಆಮೇಲೆ ನೋಡೋಣ" ಎಂದೆ.

ನಿನ್ನ ಹಡಗಿನ ಗೆಳೆಯರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನನ್ನು ನೀರಿನಲ್ಲೂ ನೆಲದಲ್ಲೂ ಕಾಯಲಿ.

ಇಂತಿ ನಿನ್ನ ತಂಗಿ
ಡಾರ್ಕಸ್

ಮತ್ತೆ: ಇಷ್ಟುದ್ದ ಬರೆದದ್ದು ಇದನ್ನು ಬರೆಯಲು ಕೈ ಬಾರದೆ. ಟೇಮರ್ ಇಲ್ಲಿಲ್ಲ ಅಣ್ಣಾ. "ನೀನು ಬರದಿದ್ರೆ ಮಗೂನ ದೂರದ ಜಾರ್ಜಿಯಾಕ್ಕೆ ಮಾರಿಸ್ತೀನಿ" ಎಂದಳಂತೆ ಯಜಮಾನಿ. ಈ ಬೆಳಿಗ್ಗೆ ಅವಳ ಗಾಡಿಯಲ್ಲೇ ಟೇಮರ್ ಅನ್ನಾಪೊಲಿಸ್‌ಗೆ ಹೊರಟುಹೋದಳು. ಕಂಡರೆ ಹರಿದುಹಾಕುತ್ತಾರೆಂದು ಬಿಡುಗಡೆ ಕಾಗದ ನನ್ನ ಕೈಗಿಟ್ಟಳು, ಇದರ ಜೊತೆ ಕಳಿಸಿದ್ದೇನೆ. ನಿನಗೆ ಅನ್ನಾಪೊಲಿಸ್ ಒಂದು ದಿನದ ದಾರಿ. ಮಗುವಿಗೆ ಯಾವ ಕಾಗದವೂ ಇಲ್ಲ, ಪೀಪಾಯಿಯಲ್ಲಿ ಅಡಗಿಸಿಯಾದರೂ ಇಬ್ಬರನ್ನೂ ಹಡಗಿಗೆ ಹತ್ತಿಸು. ಬೇಗ ಹೋಗು. ಟೇಮರ್ ಹೊರಡುವಾಗ ನಾನು ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ, ಸಿಕ್ಕಿದ ಕೂಡಲೇ ಹೇಳು, ಅತ್ತೆ ಬೈದದ್ದು ಸಿಟ್ಟಿಗಲ್ಲ ಅಂತ.