ಅರಳಿಕಟ್ಟೆ ದಾಟುವ ಓಟ

ಕ್ಯಾತನಹಳ್ಳಿ
18 ಡಿಸೆಂಬರ್ 1996, ಬುಧವಾರ

ಪ್ರೀತಿಯ ಉಮಾ,

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಉತ್ತರಿಸದೆ ಐದು ವಾರ ಕಳೆದುಬಿಟ್ಟೆ. ಶಾಲೆಯಲ್ಲಿ ಪರೀಕ್ಷೆ ಇತ್ತು ಎಂದರೆ ನೀನು ನಂಬುತ್ತೀಯ, ಆದರೆ ಕಾರಣ ಅದಲ್ಲ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದೆ. ಮೂರೂ ಇಂಗ್ಲಿಷಿನಲ್ಲಿದ್ದವು. ಮೈಸೂರಿನ ಹಾಸ್ಟೆಲಿನಲ್ಲಿ ಭಾನುವಾರ ಸಾಲಾಗಿ ಕೂರಿಸಿ ಅಪ್ಪನಿಗೆ ಕಾಗದ ಬರೆಸುತ್ತಿದ್ದರಲ್ಲ, ಆ ಅಭ್ಯಾಸ ನಮ್ಮಿಬ್ಬರಿಗೂ ಇನ್ನೂ ಹೋಗಿಲ್ಲ. ಆ ಭಾಷೆಯಲ್ಲಿ ನನ್ನ ಮಾತುಗಳು ಇಸ್ತ್ರಿ ಮಾಡಿದ ಯೂನಿಫಾರ್ಮು ಹಾಕಿಕೊಂಡೇ ಹೊರಗೆ ಬರುತ್ತವೆ. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದರೆ ನಗಬೇಡ.

ಕಿಶನ್‌ಗೆ ಕೆಮ್ಮು ನಿಂತಿತೆ? ಹುಬ್ಬಳ್ಳಿಯ ಧೂಳಿಗೆ ಅವನನ್ನು ಬೆಳಗಿನ ಹೊತ್ತು ಹೊರಗೆ ಬಿಡಬೇಡ. ಇಲ್ಲಿ ನಮ್ಮತ್ತೆಯ ಮಂಡಿನೋವು ಬಿಟ್ಟರೆ ಎಲ್ಲರೂ ಚೆನ್ನಾಗಿದ್ದೇವೆ. ಕಬ್ಬು ಸೂಲಂಗಿ ಬಿಟ್ಟಿದೆ, ಗದ್ದೆಯ ತುಂಬ ಬಿಳಿ ಹೂವು. ಆಲೆಮನೆಗಳು ಶುರುವಾಗಿ ಊರಿಗೆಲ್ಲ ಬೆಲ್ಲದ ವಾಸನೆ ಹತ್ತಿಕೊಂಡಿದೆ.

ಈಗ ಹೇಳಬೇಕಾದ ಸುದ್ದಿ. ನಾನು ದಿನಾ ಬೆಳಿಗ್ಗೆ ಓಡುತ್ತಿದ್ದೇನೆ. ನಗು ಬಂತಲ್ಲವೆ? ಸ್ಕೂಲಿನ ಸ್ಪೋರ್ಟ್ಸ್ ದಿನ ಹೊಟ್ಟೆನೋವೆಂದು ಮಲಗುತ್ತಿದ್ದ ನಿನ್ನ ಅಕ್ಕ ನಲವತ್ಮೂರನೆಯ ವಯಸ್ಸಿನಲ್ಲಿ ಸೀರೆ ಎತ್ತಿಕಟ್ಟಿ ಓಡುತ್ತಾಳೆ. ಮನೆಯಿಂದ ಹೊರಟು ಅರಳಿಕಟ್ಟೆ ದಾಟಿ, ಹಾಲಿನ ಡೈರಿ ದಾಟಿ, ನಾಲೆಯ ತೂಬಿನವರೆಗೆ ಹೋಗಿ ವಾಪಸ್. ನೂರು ದಿನ ಓಡುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಇವತ್ತಿಗೆ ಎಪ್ಪತ್ತೈದು.

ಇದರ ಉದ್ದೇಶ ಒಂದು ವ್ಯಾನು. ನಮ್ಮೂರಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಆಸ್ಪತ್ರೆಗೆ ಕರೆದೊಯ್ಯಲು ಇವತ್ತಿಗೂ ಯಾರದೋ ಟ್ರಾಕ್ಟರಿಗೆ ಕಾಯಬೇಕು. ಪಾಂಡವಪುರದಲ್ಲಿ ಒಂದು ಹಳೆಯ ಮೆಟಡಾರ್ ಮಾರಾಟಕ್ಕಿದೆ. ಯಾವುದೋ ದೇಶದಲ್ಲಿ ಒಬ್ಬಾಕೆ ದಿನವೂ ಓಡಿ, ಓಡಿದಷ್ಟು ದೂರಕ್ಕೆ ಜನರಿಂದ ದೇಣಿಗೆ ಪಡೆದು ಆಸ್ಪತ್ರೆಗೆ ಕೊಟ್ಟಳೆಂದು ಶಾಲೆಯ ಲೈಬ್ರರಿಯ ಪತ್ರಿಕೆಯೊಂದರಲ್ಲಿ ಓದಿದ್ದೆ. ಅದನ್ನೇ ನಮ್ಮತ್ತೆಗೆ ವಿವರಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡು, "ಓಡುದ್ರೆ ಕಾಸು ಯಾರವ್ವ ಕೊಟ್ಟಾರು? ಕಳ್ಳ್ನೂ ಓಡ್ತಾನೆ, ಅವ್ನಿಗೆ ಒದೆ ಕೊಡ್ತಾರೆ" ಎಂದರು.

ಮೊದಲ ವಾರ ಅವರ ಮಾತೇ ನಿಜವಾಯಿತು. ಅರಳಿಕಟ್ಟೆಯ ಮೇಲೆ ಕೂರುವ ಮುದುಕರಿಗೆ ನಾನೊಂದು ತಮಾಷೆಯಾದೆ. "ಮೇಡಮ್ಮೋರೇ, ಬಸ್ಸು ಅತ್ಲಾಗ್ ಓಯ್ತು, ನೀವ್ ಇತ್ಲಾಗ್ ಓಡ್ತಿದ್ದೀರಲ್ಲ!" ಎಂದು ಜವರಯ್ಯ ಕೂಗಿದ. ಪಕ್ಕದಲ್ಲಿದ್ದವನು, "ಸುಮ್ಕಿರ್ಲಾ, ಸಕ್ರೆ ಕಾಯ್ಲೆ ಇರ್ಬೇಕು, ಡಾಕ್ಟ್ರು ಯೋಳವ್ರೆ" ಎಂದ. ಕೆನ್ನೆ ಬಿಸಿಯಾಯಿತು. ಆದರೂ ನಿಲ್ಲಲಿಲ್ಲ. ಅವರ ಎದುರಿಗೇ ಯಾಕೆ ಓಡಬೇಕು, ಹಿತ್ತಲ ಹಾದಿಯಲ್ಲಿ ಹೋಗಬಾರದೆ ಎಂದು ನಿನ್ನ ಭಾವ ಕೇಳಿದರು. ಇದೇ ಹತ್ತಿರದ ದಾರಿ ಎಂದೆ.

ಎಂಟನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಕ್ಯಾನ್ವಾಸ್ ಶೂ ಬಿಟ್ಟು ಬರಿಗಾಲಿನಲ್ಲಿ ಓಡಿದೆ. ಆವತ್ತು ತಲೆಗೆ ಸ್ನಾನ ಮಾಡಿದ್ದೆ, ಕೂದಲು ಒದ್ದೆಯಾಗಿತ್ತು. ಬಾವಿಯ ಹತ್ತಿರ ಮಂಚಮ್ಮ ನೋಡಿದಳು. ನಿನಗೆ ನೆನಪಿದೆಯಲ್ಲ, ಡೈರಿಗೆ ಮೂರು ಎಮ್ಮೆಯ ಹಾಲು ಹಾಕುವವಳು. ಅವಳು ಡೈರಿಯ ಸಾಲಿನಲ್ಲಿ ನಿಂತು ಎಲ್ಲರನ್ನೂ ಬೈದಳಂತೆ: "ಅಯ್ಯೋ ನಿಮ್ಮ, ಕಣ್ ಕಾಣಕಿಲ್ವಾ? ಬರಿಗಾಲು, ತಲೆಗೆ ನೀರ್ ಉಯ್ಕಂಡವ್ರೆ, ಯಾರ್ ತಾವೂ ಮಾತಿಲ್ಲ. ಅರಕೆ ಕಣ್ರಲಾ ಅದು!"

ಅಷ್ಟೇ. ಮರುದಿನ ಬಾಗಿಲು ಬಾಗಿಲಲ್ಲಿ ಹೆಂಗಸರು ಚೊಂಬು ಹಿಡಿದು ನಿಂತಿದ್ದರು. ದೇವರು ಹೊತ್ತವರು ಬಂದಾಗ ಕಾಲಿಗೆ ನೀರು ಹಾಕುತ್ತಾರಲ್ಲ, ಹಾಗೆ ನನ್ನ ಕಾಲಿಗೂ ಹಾಕಿದರು. ಡೈರಿಯ ಸೆಕ್ರೆಟರಿ ಚಿಕ್ಕಬೀರಯ್ಯ ಸಂಭ್ರಮದಿಂದ ಓಡಿಬಂದ. "ಬ್ಯಾರೆ ಕ್ಯಾನೇ ಮಡಗ್ಬುಟ್ಟೆ ಮೇಡಮ್ಮೋರೇ! ಮನೆಗೊಂದ್ ಲೋಟ ಜಾಸ್ತಿ ಆಲು, ನಿಮ್ ಅರಕೆಗೆ. ನೀವ್ ತೂಬು ಮುಟ್ಕಂಡ್ ಬರೋಗಂಟ ಮುಚ್ಚಳ ತಗೀಬ್ಯಾಡ ಅಂತಾವ್ರೆ ಎಂಗಸ್ರು." ವ್ಯಾನಿನ ವಿಷಯ ಅವನಿಗೆ ಮೊದಲೇ ಹೇಳಿದ್ದೆ. ಅಂದಿನಿಂದ ಆ ಕ್ಯಾನಿನ ಹಾಲಿನ ಬೆಲೆ ವ್ಯಾನಿಗೆ ಸೇರುತ್ತಿದೆ. ಸಂಕ್ರಾಂತಿಯ ಹೊತ್ತಿಗೆ ವ್ಯಾನು ಬಂದೇ ಬರುತ್ತದೆ ಎನ್ನುತ್ತಾನೆ.

ನನಗೆ ಮಾತ್ರ ಮುಜುಗರ. ಸುಳ್ಳಿನ ಮೇಲೆ ಹಾಲು ತೆಗೆದುಕೊಳ್ಳುವುದು ಸರಿಯೆ? ಒಂದು ದಿನ ಡೈರಿಯ ಮುಂದೆ ನಿಂತು ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ. ಇದು ಹರಕೆಯಲ್ಲ, ನಾನು ಯಾವ ದೇವರಿಗೂ ಹೇಳಿಕೊಂಡಿಲ್ಲ, ವ್ಯಾನಿಗಾಗಿ ದೇಣಿಗೆ ಎತ್ತುತ್ತಿದ್ದೇನೆ, ಇಷ್ಟವಿದ್ದವರು ಮಾತ್ರ ಕೊಡಿ. ಎಲ್ಲರೂ ಶಾಂತವಾಗಿ ಕೇಳಿದರು. ಮಂಚಮ್ಮ, "ಆಯ್ತು ಬುಡಿ. ಅರಕೆ ಒತ್ತವ್ರು ಯಾವತ್ ತಾನೆ ಬಾಯ್ ಬುಟ್ಟು ಯೋಳಾರು?" ಎಂದು ಲೋಟ ಬಗ್ಗಿಸಿದಳು. ಆವತ್ತು ಕ್ಯಾನು ಎಂದಿಗಿಂತ ಹೆಚ್ಚು ತುಂಬಿತು. ಮನೆಗೆ ಬಂದು ಪೇಚಾಡಿಕೊಂಡರೆ ನಿನ್ನ ಭಾವ, "ಹರಕೆ ಅಂತ ಕೊಟ್ರೂ ಹಾಲು ಹಾಲೇ ಕಣೆ" ಎಂದು ಪೇಪರು ಮಡಿಸಿದರು.

ಶಾಲೆಗೆ ಹೊತ್ತಾಯಿತು. ಇಲ್ಲಿಗೆ ನಿಲ್ಲಿಸಿ ನಾಳೆ ಮುಂದುವರಿಸುತ್ತೇನೆ.

ಗುರುವಾರ, ಬೆಳಿಗ್ಗೆ

ಈಗಷ್ಟೇ ಓಡಿ ಬಂದೆ. ಕಾಲಿನ ಮೇಲೆ ಅವರು ಹಾಕಿದ ನೀರು ಇನ್ನೂ ಆರಿಲ್ಲ.

ಇವತ್ತು ಎಂಥ ಮಂಜು ಅಂತೀಯ! ನಾಲೆ ಎಲ್ಲಿ, ದಾರಿ ಎಲ್ಲಿ ತಿಳಿಯದಷ್ಟು. ಕಬ್ಬಿನ ಸೂಲಂಗಿಗಳು ಮಾತ್ರ ಮಂಜಿನ ಮೇಲೆ ತೇಲುತ್ತಿದ್ದವು, ಕೆಳಗೆ ಗದ್ದೆಗಳೇ ಇಲ್ಲವೇನೋ ಎಂಬಂತೆ. ಬೆಳ್ಳಕ್ಕಿಗಳು ಎದ್ದರೆ ಮಂಜಿನದೇ ಒಂದು ತುಂಡು ಹರಿದು ಹಾರಿಹೋದಂತೆ ಕಾಣುತ್ತಿತ್ತು. ಸ್ವಲ್ಪ ದೂರ ಓಡಿದ ಮೇಲೆ ಉಸಿರು ತಾನಾಗಿ ಒಂದು ಲಯಕ್ಕೆ ಬರುತ್ತದೆ. ಆಮೇಲೆ ನಾನು ಓಡುತ್ತಿದ್ದೇನೆ ಅನ್ನಿಸುವುದಿಲ್ಲ. ನೆಲವೇ ಹಿಂದಕ್ಕೆ ಹರಿಯುತ್ತದೆ, ನಾಲೆಯ ನೀರು ನಿಂತಿರುತ್ತದೆ. ಆ ಹೊತ್ತಿನಲ್ಲಿ ಒಮ್ಮೊಮ್ಮೆ ನನ್ನ ಹಿಂದೆ ಇನ್ನೊಂದು ಜೊತೆ ಹೆಜ್ಜೆ ಕೇಳುತ್ತದೆ. ಸಣ್ಣ ಹೆಜ್ಜೆ, ನನ್ನ ಒಂದಕ್ಕೆ ಎರಡು. ಹೆದರಿಕೆಯಾಗುವುದಿಲ್ಲ. ಅದಕ್ಕೆ ಕಷ್ಟವಾಗಬಾರದೆಂದು ವೇಗ ಸ್ವಲ್ಪ ಕಡಿಮೆ ಮಾಡುತ್ತೇನೆ. ತೂಬು ಮುಟ್ಟಿ ತಿರುಗಿದರೆ ಯಾರೂ ಇರುವುದಿಲ್ಲ. ನಿನಗೆ ನೋವಾಗುತ್ತದೆಂದು ಇದನ್ನು ಬರೆಯಬಾರದೆಂದಿದ್ದೆ. ಇಷ್ಟು ವರ್ಷ ಅವಳ ಹೆಸರೆತ್ತದೆ ಇದ್ದದ್ದರಿಂದ ನಿನ್ನ ನೋವೇನೂ ಕಡಿಮೆಯಾಗಿಲ್ಲವಲ್ಲ.

ಚಿನ್ನು ಹೋಗಿ ಎಂಟು ವರ್ಷ. ಈಗ ಇದ್ದಿದ್ದರೆ ಹದಿನಾಲ್ಕು. ಬೇಸಿಗೆ ರಜೆಗೆ ನೀನು ನಿನ್ನ ಮಗಳನ್ನು ನಮ್ಮ ಮನೆಗೆ ಕಳಿಸಿದ್ದೆ. ಕಬ್ಬಿನ ಬದುವಿನಲ್ಲಿ ಹಾವು ಕಚ್ಚಿತು. ದಿನಾ ಹಾಲು ಪರೀಕ್ಷೆಗೆ ಬರುತ್ತಿದ್ದ ಜೀಪು ಡೈರಿಯ ಹತ್ತಿರ ಇರುತ್ತದೆಂದು ನಾನು ಹೋದೆ, ಅದು ಹೊರಟುಹೋಗಿತ್ತು. ಟ್ರಾಕ್ಟರು ಸಿಗುವ ಹೊತ್ತಿಗೆ ತಡವಾಯಿತು. ಅವಳ ತಿಥಿ ಮುಗಿಸಿಕೊಂಡು ಹೋದ ನೀನು ಮತ್ತೆ ಈ ಊರಿಗೆ ಬರಲಿಲ್ಲ. ಮೈಸೂರಿನಲ್ಲಿ, ಮದುವೆ ಮನೆಗಳಲ್ಲಿ ಸಿಗುತ್ತೀಯ. ಸೀರೆಯ ಬಣ್ಣ, ಮಕ್ಕಳ ಮಾರ್ಕು ಮಾತಾಡುತ್ತೇವೆ.

ಈಗ ನಾನು ಬರೆಯುತ್ತಿರುವ ಕಾರಣ ಕೇಳು. ಹೋದ ತಿಂಗಳು ಮಂಚಮ್ಮ ನೀರು ಹಾಕುತ್ತಾ, "ಯಾರ್ ಎಸ್ರಲ್ಲಿ ಓಡ್ತಿದ್ದೀರಾ ಮೇಡಮ್ಮೋರೇ? ನಂಗೊಬ್ಳಿಗೇ ಯೋಳಿ" ಎಂದಳು. ಏದುಸಿರಿನಲ್ಲಿ ಯೋಚಿಸದೆ, "ನನ್ ತಂಗಿ" ಎಂದುಬಿಟ್ಟೆ. ಒಬ್ಬಳಿಗೆ ಹೇಳಿದ್ದು ಸಂಜೆಯೊಳಗೆ ಊರಿಗೇ ಗೊತ್ತಾಯಿತು. ಹರಕೆ ಮುಗಿಯುವ ದಿನ ಯಾರ ಹೆಸರಿನಲ್ಲಿ ಹೊತ್ತಿದ್ದೋ ಅವರೇ ಮೊದಲ ಬಿಂದಿಗೆ ನೀರು ಹಾಕಬೇಕಂತೆ, ಇಲ್ಲದಿದ್ದರೆ ಹರಕೆ ಸಲ್ಲುವುದಿಲ್ಲವಂತೆ. ಈಗ ದಿನವೂ ಕೇಳುತ್ತಾರೆ. ನಮ್ಮತ್ತೆ ಆಗಲೇ ಹಿತ್ತಾಳೆಯ ಬಿಂದಿಗೆಗೆ ಹುಣಸೆಹಣ್ಣು ಹಾಕಿ ಉಜ್ಜಿಸಿದ್ದಾರೆ. "ಉಮಾ ಬತ್ತಾಳೆ, ಬರ್ದೆ ಎಲ್ ಓದಾಳು" ಎನ್ನುತ್ತಾರೆ. ಜವರಯ್ಯ ಕೂಡ ಈಗ ನಾನು ಬಂದರೆ ಹೆಗಲ ಮೇಲಿನ ಟವೆಲು ತೆಗೆದು ಎದ್ದು ನಿಲ್ಲುತ್ತಾನೆ.

ನೂರನೆಯ ದಿನ ಜನವರಿ 12, ಭಾನುವಾರ. ಬಾ ಎಂದು ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಕರೆಯುತ್ತಿದ್ದೇನೆ. ನನಗೆ ಹರಕೆಯಲ್ಲಿ ನಂಬಿಕೆಯಿಲ್ಲ. ಆದರೆ ನೀನು ಬಾರದಿದ್ದರೆ ಇದು ಸಲ್ಲುವುದಿಲ್ಲ ಎಂಬ ಮಂಚಮ್ಮನ ಮಾತು ಮಾತ್ರ ಸುಳ್ಳೆನ್ನಿಸುತ್ತಿಲ್ಲ.

ಕಿಶನ್‌ಗೆ ಅವನ ದೊಡ್ಡಮ್ಮನ ಮುತ್ತು. ನಿನ್ನ ಯಜಮಾನರಿಗೆ ನಮಸ್ಕಾರ. ನೀನು ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆಯ ಬಾಗಿಲಿಗೆ ಬರುವುದೆಲ್ಲ ಒಳ್ಳೆಯದೇ ಆಗಲಿ.

ನಿನ್ನ
ಅಕ್ಕ

ತಾ.ಕ. ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಬರುವುದೋ ಬೇಡವೋ ಎಂದು ತೀರ್ಮಾನಿಸುವ ಮೊದಲು ನಿನಗೆ ಇದು ಗೊತ್ತಿರಬೇಕು. ಚಿನ್ನು ಹೋದ ದಿನ ಚಿಕ್ಕಬೀರಯ್ಯ ನಿನ್ನ ಮುಂದೆ, "ಮೇಡಮ್ಮೋರು ಸೆರಗು ನೆಲಕ್ಕೆ ಎಳಕಂಡು ಓಡ್ಬಂದ್ರು ಕಣವ್ವ" ಎಂದ. ನೀನು ನನ್ನ ಕೈ ಹಿಡಿದು, "ಓಡಿದೆಯಲ್ಲ ಅಕ್ಕ, ಇನ್ನೇನು ಮಾಡೋಕಾಗ್ತಿತ್ತು" ಎಂದೆ. ನಾನು ಸುಮ್ಮನಿದ್ದೆ. ಉಮಾ, ನಾನು ಮನೆಯಿಂದ ಓಡಲಿಲ್ಲ. ನಡೆದೆ. ಅರಳಿಕಟ್ಟೆಯ ಮೇಲೆ ನಮ್ಮ ಮಾವ ಇದ್ದರು, ಊರಿನ ಗಂಡಸರೆಲ್ಲ ಇದ್ದರು. ಸೊಸೆಯಾದವಳು ಅವರ ಮುಂದೆ ಓಡುವುದು ಹೇಗೆ ಎಂದು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಹಾಸ್ಟೆಲಿನಲ್ಲಿ ಕಲಿಸಿದ ಹಾಗೆ ಸದ್ದಿಲ್ಲದೆ ನಡೆದೆ. ಕಟ್ಟೆಯ ಆಚೆಯ ತಿರುವು ದಾಟಿದ ಮೇಲೆ ಓಡಿದೆ. ಡೈರಿಯವರು ನೋಡಿದ್ದು ಆ ಓಟವನ್ನು. ನಾನು ತಲುಪಿದಾಗ ಜೀಪಿನ ಧೂಳು ಇನ್ನೂ ನೆಲಕ್ಕೆ ಇಳಿದಿರಲಿಲ್ಲ.

ನೀನು ಬಂದರೆ ಬಿಂದಿಗೆ ಹಿಡಿದು ಕಟ್ಟೆಯ ಹತ್ತಿರ ನಿಲ್ಲು. ನೀರು ಹಾಕುವುದು, ಬಿಡುವುದು ನಿನಗೆ ಬಿಟ್ಟದ್ದು. ಡೈರಿಯ ಹತ್ತಿರ ಮಾತ್ರ ನಿಲ್ಲಬೇಡ. ಅಲ್ಲಿ ನಾನು ಆವತ್ತೂ ಓಡಿದ್ದೆ.