ಮೇಣ ಹಿಡಿದ ಬೆರಳು

ಪೆಕಲೋಂಗನ್, ಮಂಗಳವಾರ

ಮ್ಯೂಸಿಯಂನ ಪಾಕ್ ಲುಕಿತೊ ಅವರಿಗೆ,

ನಿಮ್ಮಲ್ಲಿರುವ, ಮುಟ್ಟಿದರೆ ಮಾತಾಡುವ ಬಾಟಿಕ್ ಗೋಡೆ ನನ್ನ ಮಗಳು ವೆನಿಂಗ್ ಮಾಡಿದ್ದು. ಅದರೊಳಗಿನ ದನಿಯೂ ಅವಳದೇ. ನಲವತ್ತು ವರ್ಷ ಬಿಸಿ ಮೇಣದಲ್ಲಿ ಬಟ್ಟೆಗೆ ಚಿತ್ತಾರ ಬರೆದು ಜಡ್ಡುಗಟ್ಟಿದ ನನ್ನ ಬೆರಳು ಆ ಗೋಡೆಗೆ ತಿಳಿಯುವುದೇ ಇಲ್ಲ. ಉದ್ಘಾಟನೆಯ ದಿನ ಅವಳು ನಕ್ಕು, "ಊರೋರ ಕೈಯೆಲ್ಲ ನೆನಪಿತ್ತು, ನಿನ್ ಕೈಯೇ ಮರ್ತೋಯ್ತು ಕಣಮ್ಮ! ಬರೋ ವಾರ ನಾನೇ ಸರಿಮಾಡ್ತೀನಿ" ಅಂದಿದ್ದಳು. ಆ ವಾರವೇ ಅವಳನ್ನು ಮಣ್ಣು ಮಾಡಿದೆವು.

ನಿನ್ನೆ ಬಂದು ಗೋಡೆಯುದ್ದಕ್ಕೂ ಒತ್ತಿ ನೋಡಿದೆ. ಕಾವಲಿನವರು "ಕೆಟ್ಟಿಲ್ಲ ಅಮ್ಮ, ನೋಡಿ" ಎಂದು ತಾವೇ ಮುಟ್ಟಿದರು.

"ಬಂದ್ರಾ? ಕೈ ತೆಗೀಬೇಡಿ" ಎಂದಳು ಗೋಡೆಯೊಳಗಿಂದ ವೆನಿಂಗ್.

ಅವರು ಕೈ ತೆಗೆದರು.

ಶುಕ್ರವಾರ ಮತ್ತೆ ಬರುತ್ತೇನೆ. ಮೆತ್ತನೆ ಕೈಯವರನ್ನು ಯಾರನ್ನಾದರೂ ಸ್ವಲ್ಪ ಹೊತ್ತು ನನ್ನ ಜೊತೆ ನಿಲ್ಲಿಸಿಕೊಡಿ. ಗೋಡೆಯನ್ನು ಮಾತ್ರ ಬೇರೆಯವರಿಂದ ಸರಿಮಾಡಿಸಬೇಡಿ. ತಾನೇ ಮಾಡುತ್ತೇನೆ ಅಂದಿದ್ದಾಳೆ.

ಇಂತಿ,
ವೆನಿಂಗ್‌ಳ ತಾಯಿ
ಸುಪಾರ್ತಿ